ಅಂಬಮ್ಮತ್ತೆ ಓದಿದ ಹದಿನೈದು ಸಂಜೆ

ನಮ್ಮಪ್ಪನ ಅಕ್ಕ ಅಂಬಮ್ಮ ಕಾದಂಬರಿ ಓದುತ್ತಿದ್ದಳು ಅಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಆಗ ಏರಿಸುತ್ತಿದ್ದರು. ನಿಜಾಮರ ರಾಜ್ಯದಲ್ಲಿ ಸರ್ಕಾರಿ ಶಾಲೆಯ ಪಾಠವೆಲ್ಲ ಉರ್ದುವಿನಲ್ಲಿ. ಕನ್ನಡ ಬೇಕೆಂದವರು ಐನೋರ ಮನೆಯ ಕಟ್ಟೆಗೆ ಹೋಗಿ ಮರಳಿನ ಮೇಲೆ ಬೆರಳಾಡಿಸಬೇಕು. ಕಲಬುರಗಿ ಶಹಾಬಜಾರದ ನಮ್ಮ ಮನೆಯವರು ಆ ಕಟ್ಟೆಗೆ ಕಳಿಸಿದ್ದು ನಮ್ಮಪ್ಪನನ್ನು. ತಮ್ಮ ಅಳುತ್ತಾನೆ ಅಂತ ಜೊತೆಗೆ ಕೂರಲು ಹೋದ ಅಂಬಮ್ಮತ್ತೆ ಎರಡು ವರ್ಷದಲ್ಲಿ ಗಳಗಳ ಓದುವುದು ಕಲಿತು ಬಂದಳು. ನಮ್ಮಪ್ಪ ಅಳುವುದನ್ನು ಬಿಟ್ಟಿದ್ದ, ಅಷ್ಟೇ.

ಮದುವೆಯಾಗಿ ಹೋದದ್ದು ಕಮಲಾಪುರಕ್ಕೆ, ಕೆಂಬಾಳೆ ತೋಟದ ದೇವೀಂದ್ರಪ್ಪನವರ ಮನೆಗೆ. ಗಂಡ ಭೀಮಶಾ ಮಾತು ಕಮ್ಮಿಯ ಮನುಷ್ಯ. ಮನೆಯ ಮಾತೆಲ್ಲ ಮಾವನದು. ದೇವೀಂದ್ರಪ್ಪನವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಗೊನೆ ಕಡಿದ ದಿನವೇ ಅದರ ದಿಂಡಿಗೆ ಸುಣ್ಣದ ಕಡ್ಡಿಯಿಂದ ತಾರೀಖು ಬರೆದಿಡುತ್ತಿದ್ದರು. ಯಾವ ಗೊನೆ ಇನ್ನೂ ಹಣ್ಣಾಗಬೇಕು, ಯಾವುದು ಕಲಬುರಗಿಯ ಬಂಡಿ ಏರಬೇಕು ಅನ್ನುವುದೆಲ್ಲ ಆ ಸುಣ್ಣದ ಗುರುತಿನ ಮೇಲೆ. ಆ ಕಡ್ಡಿಯನ್ನು ಬೇರೆಯವರು ಮುಟ್ಟಿದರೆ ಓಣಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ಅವರನ್ನು ಎರಡು ಸಲ ನೋಡಿದ್ದೇನೆ. ಈಗ ಬರೆಯುವಾಗಲೂ ಎಲ್ಲಾದರೂ ‘ಅವನು’ ಅಂದುಬಿಟ್ಟೇನೋ ಅಂತ ಹೆದರಿಕೆ.

ಅತ್ತೆಗೆ ಪುಸ್ತಕ ಸಿಗುತ್ತಿದ್ದ ದಾರಿಯೇ ಬೇರೆ. ತವರಿನ ಹತ್ತಿರದ ಮೋಮಿನಪುರದಲ್ಲಿ ಇಮಾಮುದ್ದೀನ್ ಅಂತ ಜಿಲ್ದ್ ಕಟ್ಟುವವನಿದ್ದ. ಕಚೇರಿಗಳ ರಿಜಿಸ್ಟರು, ಮದರಸಾದ ಕಿತಾಬು, ಎಲ್ಲಕ್ಕೂ ರಟ್ಟು ಹಾಕಿ ಹೊಲಿದು ಕೊಡುವುದು ಅವನ ಕೆಲಸ. ಊರಿನ ವಾಚನಾಲಯದವರು ಧಾರವಾಡ, ಮೈಸೂರುಗಳಿಂದ ತರಿಸಿದ ಕನ್ನಡ ಕಾದಂಬರಿಗಳು ನಾಲ್ಕು ಕೈ ದಾಟುವಷ್ಟರಲ್ಲಿ ದಾರ ಬಿಚ್ಚಿ ಅವನ ಹತ್ತಿರ ಬರುತ್ತಿದ್ದವು. ಅವನಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅಂಬಮ್ಮತ್ತೆ ತವರಿಗೆ ಬಂದಾಗಲೆಲ್ಲ ಹೊಸದಾಗಿ ಹೊಲಿದ ಒಂದು ಪುಸ್ತಕವನ್ನು ವಾಚನಾಲಯಕ್ಕೆ ಕೊಡುವ ಮೊದಲು ಅವಳ ಕೈಗೆ ಹಾಕುತ್ತಿದ್ದ.

“ಓದಿ ವಾಪಸ್ ಕಳಸ್ರಿ ಅಕ್ಕಾ. ಗೋಂದು ಇನ್ನಾ ಒಣಗಿಲ್ಲ ಅಂತ ಅವರಿಗೆ ಹೇಳಿರ್ತೀನಿ,” ಅನ್ನುತ್ತಿದ್ದ. ಆ ವಾಚನಾಲಯದವರು ಎಂಥ ಪುಣ್ಯಾತ್ಮರೋ. ಕಲಬುರಗಿಯ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಒಣಗದ ಗೋಂದು ಯಾವುದು ಅಂತ ಒಬ್ಬರೂ ಕೇಳಲಿಲ್ಲ.

ಇಮಾಮುದ್ದೀನನ ಹೆಂಡತಿ ಲತೀಫಾ ಉರ್ದು ಕಾದಂಬರಿಗಳ ಹುಚ್ಚಿ. ಇಬ್ಬರೂ ಕೂತರೆ ಆಕೆ ತನ್ನ ಕಥೆ ಹೇಳುವುದು, ಈಕೆ ತನ್ನದು ಹೇಳುವುದು, ಒಲೆಯ ಮೇಲಿನ ಚಹಾ ಉಕ್ಕಿ ಹೋಗುವುದು. “ನಮ್ಮ ಕಿತಾಬಿನ್ಯಾಗ ಆಶಿಕ್ ಪುಟಕ್ಕೊಮ್ಮಿ ಬೇಹೋಶ್ ಆಗ್ತಾನ ಅಕ್ಕಾ. ಅವನ್ನ ಎಬ್ಬಸೂದ್ರಾಗೇ ಕತಿ ಮುಗೀತದ,” ಅಂತ ಲತೀಫಾ ನಗುತ್ತಿದ್ದಳು.

ಅಂಬಮ್ಮತ್ತೆಯ ಟೀಕೆಗಳು ಅದಕ್ಕಿಂತ ಖಾರ. ಪುಸ್ತಕಗಳನ್ನು ಹೆಸರು ಹಿಡಿದು ಕರೆಯುವುದು ಅವಳಿಗೆ ಗೊತ್ತಿರಲಿಲ್ಲ. ಹಾರುವ ಕುದುರೆಯದು, ಕಾಗದ ಬರೆಯುವವನದು, ಗಾಜಿನ ಅರಮನೆಯದು, ಹೀಗೆ ಗುರುತು. “ಏಳು ದಿನ ಹಾರ್‍ಯದಂತ. ಏಳು ದಿನ ಕುದುರಿಗಿ ಹುಲ್ಲು ನೀರು ಯಾರು ಕೊಟ್ರು? ಬರದಾವ ಒಂದು ದಿನಾರ ದನ ಕಟ್ಯಾನೇನು?” ಗಾಜಿನ ಅರಮನೆಯ ರಾಜಕುಮಾರಿಯ ಬಗ್ಗೆ ಅವಳಿಗೆ ಒಂದೇ ಚಿಂತೆ: ಆ ಹುಡುಗಿ ಸೀರೆ ಬದಲಿಸುವುದು ಎಲ್ಲಿ? ಕಾಗದ ಬರೆಯುವವನ ಮೇಲಂತೂ ಸಿಟ್ಟೇ ಸಿಟ್ಟು. “ಹನ್ನೆರಡು ಪುಟ ಬರ್ದಾನ. ಚಂದ್ರ, ಮೋಡ, ಗಾಳಿ, ಎಲ್ಲಾ ಬರ್ದಾನ. ಯಾವಾಗ ಬರ್ತೀನಿ ಅನ್ನೂದು ಒಂದ್ ಮಾತು ಬರ್ದಿಲ್ಲ.” ಬೆಳದಿಂಗಳಲ್ಲಿ ತಿಂಗಳಿಡೀ ಅತ್ತ ನಾಯಕಿಯನ್ನು ಓದಿ, ಹಾಗಾದರೆ ಆ ಮನೆಯಲ್ಲಿ ತಿಂಗಳಿಡೀ ಜೋಳ ಬೀಸಿದ್ದು ಯಾರು ಅಂತ ಕೇಳಿದ್ದಳು. ಇಷ್ಟೆಲ್ಲ ಬೈದವಳು ಬೈದ ಪುಟದಲ್ಲೇ ಅಳುತ್ತಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಮುಂದಿನ ಸಾಲು. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದೇ ಇದಕ್ಕೆ. ಬುದ್ಧಿ ಬೇಡವೆಂದರೂ ಎದೆ ಬೇಕೆನ್ನುವ ಓದುಗರು ನನಗೆ ಬಹಳ ಇಷ್ಟ.

ಆದರೆ ಕಮಲಾಪುರದ ಮನೆಯಲ್ಲಿ ಅವಳ ಓದಿಗೆ ಒಂದು ಕಟ್ಟಳೆ ಇತ್ತು, ಮತ್ತು ಅದರ ಹಿಂದೆ ಒಂದು ಸಾವಿತ್ತು.

ನಮ್ಮ ಕಡೆ ಪುರಾಣ ಓದುವ ಮನೆಗಳಲ್ಲಿ ಓದನ್ನು ಎಲ್ಲಿ ಬೇಕಾದಲ್ಲಿ ನಿಲ್ಲಿಸುವಂತಿಲ್ಲ. ಶಾಪದಲ್ಲಿ, ಯುದ್ಧದಲ್ಲಿ, ಸಾವಿನಲ್ಲಿ ನಿಲ್ಲಿಸುವಂತಿಲ್ಲವೇ ಇಲ್ಲ. ಮದುವೆಯೋ, ಮಗು ಹುಟ್ಟಿದ್ದೋ, ಕಡೆಗೆ ನೆಂಟರಿಗೆ ಊಟ ಬಡಿಸಿದ್ದೋ ಬರುವ ತನಕ ಓದಿ, ಆರತಿ ಎತ್ತಿ, ಆಮೇಲೆ ಪುಸ್ತಕ ಮುಚ್ಚಬೇಕು. ಆ ದೊಡ್ಡ ಜ್ವರದ ವರ್ಷ, ದಸರೆಯ ದಿನಗಳಲ್ಲಿ, ಅಂಬಮ್ಮತ್ತೆ ಪಡಸಾಲೆಯಲ್ಲಿ ಪುರಾಣ ಓದುತ್ತಿದ್ದಳು. ಕಥೆಯಲ್ಲಿ ಒಬ್ಬ ರಾಣಿ ಸಾಯುತ್ತಿದ್ದಳು. ಆಗ ಅವಳ ಅತ್ತೆ ಶಂಕ್ರಮ್ಮ, “ಸಾಕು ಮುಚ್ಚವ್ವಾ, ತಲಿ ಸಿಡ್ಯಾಕತ್ತದ,” ಅಂದರು. ಅತ್ತೆ ಕೇಳಿದರು ಅಂತ ಸೊಸೆ ಮುಚ್ಚಿದಳು. ಮೂರನೆಯ ದಿನ ಶಂಕ್ರಮ್ಮ ಇರಲಿಲ್ಲ. ಆ ಜ್ವರ ಊರಿನ ಪ್ರತಿ ಓಣಿಯಿಂದ ಹೆಣ ಎತ್ತಿಸಿತ್ತು, ಪುಸ್ತಕ ತೆರೆಯದ ಮನೆಗಳಿಂದಲೂ. ಆದರೂ ದೇವೀಂದ್ರಪ್ಪನವರು ಮಣ್ಣು ಮಾಡಿ ಬಂದ ಮೇಲೆ ಸೊಸೆಗೆ ಒಂದೇ ಮಾತು ಅಂದರು: “ಸಾವಿನಾಗ ಪುಸ್ತಕ ಮುಚ್ಚಿದಿ.”

ಆಮೇಲೆ ಹೆಂಡತಿಯ ಹೆಸರನ್ನು ಅವರು ಎತ್ತಲಿಲ್ಲ. ಆ ಒಂದು ಮಾತನ್ನೂ ಮತ್ತೆ ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ, ಅದು ಅಂಬಮ್ಮತ್ತೆಯ ಎದೆಯಲ್ಲಿ ಕೂತುಬಿಟ್ಟಿತ್ತು. ಒಂದು ವರ್ಷ ಪುಸ್ತಕ ಮುಟ್ಟಲಿಲ್ಲ. ಬೆಲ್ಲ ಕಟ್ಟಿಕೊಟ್ಟ ಹರಕು ಕಾಗದವನ್ನು ಒಲೆಯ ಮುಂದೆ ಬಿಡಿಸಿ ನೋಡುತ್ತಿದ್ದಳಂತೆ, ಅದು ಉರ್ದುವಿನಲ್ಲಿದ್ದರೂ. ಗಂಡ ಭೀಮಶಾ ಅದನ್ನು ನೋಡಿ ತಾಳಲಾರದೆ ಜನ್ಮದಲ್ಲಿ ಮೊದಲ ಸಲ ಅಪ್ಪನ ಎದುರು ನಿಂತು ಮಾತಾಡಿದ. ದೇವೀಂದ್ರಪ್ಪನವರು ಒಪ್ಪಿದರು. “ಓದಲಿ. ಆದ್ರ ಸಾವಿನಾಗ ಮುಗಿಯೂ ಪುಸ್ತಕ ಈ ಪಡಸಾಲಿಯಾಗ ಬಂತೋ, ಅವತ್ತಿಗೆ ಓದು ಬಂದ್. ಕಂದೀಲು ನನ್ನ ಕೈಯಾಗಿರ್ತದ, ಆರಿಸಿಬಿಡ್ತೀನಿ.”

ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಅವಳು ಕಂಬಕ್ಕೆ ಒರಗಿ ಓದುವುದು, ಮಾವ ಪಕ್ಕದಲ್ಲಿ ಕಂಬಳಿಯ ಮೇಲೆ ಕೂತು ಪುಟದ ಮೇಲೆ ಕಂದೀಲು ಹಿಡಿಯುವುದು. ಓಣಿಯ ಹೆಂಗಸರು ನಾಲ್ಕೈದು ಮಂದಿ ಬರುತ್ತಿದ್ದರು. ಮುಂದಾಳು ಪಕ್ಕದ ಮನೆಯ ಮಾನಮ್ಮ, ಹೂಂಗುಟ್ಟುವ ಕೆಲಸ ಅವಳದು. ಅಂಬಮ್ಮತ್ತೆ ಜಾಣೆ, ಮೋಮಿನಪುರದಲ್ಲಿ ಪುಸ್ತಕ ಕೈಗೆ ಬಂದ ಕೂಡಲೇ ಕೊನೆಯ ಪುಟ ತೆರೆದು ನೋಡುತ್ತಿದ್ದಳು. ಅಲ್ಲಿ ಯಾರಾದರೂ ಸತ್ತಿದ್ದರೆ ಪುಸ್ತಕ ಅಲ್ಲೇ ಬಿಟ್ಟು ಬರುತ್ತಿದ್ದಳು. ಮೂರು ವರ್ಷದಲ್ಲಿ ಒಮ್ಮೆಯೂ ಮೋಸ ಹೋಗಿರಲಿಲ್ಲ.

ಆ ಸಲ ಪಂಚಮಿಗೆ ತವರಿಗೆ ಬಂದಾಗ ಇಮಾಮುದ್ದೀನ್ ಕೊಟ್ಟ ಪುಸ್ತಕಕ್ಕೆ ಹಸಿರು ಬಟ್ಟೆಯ ಹೊಸ ಜಿಲ್ದು. ಹಳೆಯ ಹೊದಿಕೆ, ಹೆಸರಿನ ಹಾಳೆ ಯಾವತ್ತೋ ಹರಿದುಹೋಗಿದ್ದವು. ಕೊನೆಯ ಪುಟ ನೋಡಿದಳು. ಬಾವಿಯ ದಂಡೆಯಲ್ಲಿ ಒಬ್ಬ ಹುಡುಗಿ, ದಾರಿಹೋಕ ಹುಡುಗನೊಬ್ಬನಿಗೆ ನೀರು ಹೊಯ್ಯುತ್ತಾಳೆ, ಅವನು ಕುಡಿಯುವುದನ್ನು ಮರೆತು ನೋಡುತ್ತಾನೆ, ಅವಳು ನಗುತ್ತಾಳೆ. ಇದಕ್ಕಿಂತ ಮಂಗಳ ಏನು ಬೇಕು? ಪುಟದ ತಲೆಯ ಮೇಲಿನ ಅಂಕಿಯ ಕಡೆಗೆ ಅವಳ ಕಣ್ಣು ಹೋಗಲಿಲ್ಲ. ಕಥೆ ಓದುವವರು ಅಂಕಿ ನೋಡುವುದಿಲ್ಲ.

ಮೊದಲ ಸಂಜೆ ಪುಸ್ತಕ ಅರ್ಧ ಮಾತಿನಿಂದ ಶುರುವಾಯಿತು. ಮೊದಲ ಹಾಳೆಗಳು ಹೋಗಿರುವ ಪುಸ್ತಕ ಅವಳಿಗೆ ಹೊಸದಲ್ಲ, ಓದುತ್ತ ಹೋದಳು. ನಾಯಕಿ ಹಾಸಿಗೆ ಹಿಡಿದಿದ್ದಾಳೆ, ಕೆಮ್ಮುತ್ತಿದ್ದಾಳೆ. ಮಾನಮ್ಮ ಆಗಲೇ ಅವಳಿಗೆ ಕೆಮ್ಮಿನಾಕಿ ಅಂತ ಹೆಸರಿಟ್ಟಳು. ಹದಿನೈದು ಪುಟ ದಾಟಿತು. ಹದಿನಾರನೆಯ ಪುಟದಲ್ಲಿ ಕೆಮ್ಮಿನಾಕಿ ಗಂಡನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಳು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಸಮಾಪ್ತ’ ಅಂತ ಇತ್ತು.

ಅಂಬಮ್ಮತ್ತೆ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿದಳು. ಸಮಾಪ್ತ ಅಂದ ಮೇಲೂ ಎಡಗೈಯ ಕೆಳಗೆ ತೆಳ್ಳಗೆ, ಬಲಗೈಯ ಕೆಳಗೆ ದಪ್ಪಗೆ ಪುಸ್ತಕ ಉಳಿದಿದೆ. ಆಗ ಅವಳಿಗೆ ಹೊಳೆಯಿತು. ಇಮಾಮುದ್ದೀನ್ ಹುಟ್ಟಿದಾಗಿನಿಂದ ಉರ್ದು ಕಿತಾಬು ಹೊಲಿದವನು. ಉರ್ದು ಪುಸ್ತಕ ತೆರೆಯುವುದು ಬಲಗಡೆಯಿಂದ. ಬೇರೆ ಪುಸ್ತಕಗಳಿಗೆ ಸಡಿಲಾದ ದಾರ ಬಿಗಿದರೆ ಸಾಕಾಗುತ್ತಿತ್ತು; ಪೂರ್ತಿ ಬಿಚ್ಚಿಹೋದ ಈ ಕನ್ನಡ ಪುಸ್ತಕದ ಹದಿನಾರು ಹದಿನಾರು ಪುಟದ ಕಟ್ಟುಗಳನ್ನು ಅವನ ಕೈ ಅದೇ ರೂಢಿಯಲ್ಲಿ ಪೇರಿಸಿ ಹೊಲಿದಿದೆ. ಕೊನೆಯ ಕಟ್ಟು ಮೊದಲಿಗೆ ಬಂದಿದೆ, ಮೊದಲಿನದು ಕೊನೆಗೆ ಹೋಗಿದೆ. ಸಾವಿನಲ್ಲಿ ಮುಗಿಯುವ ಪುಸ್ತಕವನ್ನೇ ಅವಳು ಮನೆಗೆ ತಂದಿದ್ದಳು.

“ಮುಗೀತೇನು?” ಅಂದರು ದೇವೀಂದ್ರಪ್ಪನವರು. ಕಂದೀಲಿನ ಬತ್ತಿ ಇಳಿಸುವ ಕಿವಿ ಅವರ ಬೆರಳಲ್ಲೇ ಇತ್ತು. ಮಾನಮ್ಮ ಹೂಂಗುಟ್ಟುವುದನ್ನು ಮರೆತಿದ್ದಳು.

“ಇಲ್ರೀ ಮಾವಾ. ಇನ್ನಾ ಭಾಳ ಅದ,” ಅಂದಳು ಅಂಬಮ್ಮತ್ತೆ. ಅದು ಸುಳ್ಳಲ್ಲ. ಸಾವಿನಲ್ಲಿ ನಿಲ್ಲಿಸುವಂತಿಲ್ಲ ಅಂತ ಮುಂದಿನ ಪುಟ ತಿರುವಿದಳು. ಅಲ್ಲಿ ಕೆಮ್ಮಿನಾಕಿ ಬದುಕಿದ್ದಳು. ಗಂಜಿಗೆ ಉಪ್ಪು ಹೆಚ್ಚಾಯಿತು ಅಂತ ಗಂಡನ ಜೊತೆ ಜಗಳ ಆಡುತ್ತಿದ್ದಳು.

“ಯವ್ವಾ! ಸತ್ತಾಕಿ ಗಂಜಿ ಹ್ಯಾಂಗ ಕುಡೀತಾಳ?” ಅಂದಳು ಮಾನಮ್ಮ.

“ಹೋದ ತಿಂಗಳು ಕುದುರಿ ಹಾರಿದಾಗ ಕೇಳ್ದೇನು?” ಅಂದಳು ಅಂಬಮ್ಮತ್ತೆ. “ಇದೂ ಅಂಥಾದೇ ಪುಸ್ತಕ. ಹೂಂ ಅನ್ನು.”

ಮಾನಮ್ಮ ಹೂಂ ಅಂದಳು. ಗಂಜಿಯ ಜಗಳದಲ್ಲಿ ಗಂಡ ಹೆಂಡತಿ ನಕ್ಕ ಜಾಗದಲ್ಲಿ ಆರತಿ ಎತ್ತಿ ಪುಸ್ತಕ ಮುಚ್ಚಿದರು. ಕಂದೀಲು ಆರಲಿಲ್ಲ.

ಹೀಗೆ ಶುರುವಾದ ಓದು ಹದಿನೈದು ಸಂಜೆ ನಡೆಯಿತು. ಪುಸ್ತಕದ ಕಟ್ಟುಗಳೂ ಹದಿನೈದೇ. ಒಂದು ಕಟ್ಟಿನೊಳಗೆ ಕಥೆ ಹದಿನಾರು ಪುಟ ಮುಂದಕ್ಕೆ ನಡೆಯುವುದು, ಅದು ಮುಗಿಯುತ್ತಲೇ ಒಂದು ವರ್ಷ ಹಿಂದಕ್ಕೆ ಜಿಗಿಯುವುದು. ಜಿಗಿದ ಜಾಗದಲ್ಲಿ ಅಂಬಮ್ಮತ್ತೆ ತನ್ನದೇ ಎರಡು ಮಾತು ಸೇರಿಸಿ ತೇಪೆ ಹಾಕುತ್ತಿದ್ದಳು. ಒಮ್ಮೆ ಸಾಧುವಿನ ವರ, ಒಮ್ಮೆ ಮಂತ್ರದ ನೀರು, ಏನೂ ಹೊಳೆಯದಿದ್ದಾಗ ಕನಸು. ಆ ತೇಪೆಗಳಲ್ಲಿ ಕೆಲವನ್ನು ನನಗೂ ಹೇಳಿದ್ದಾಳೆ. ಮೂಲ ಲೇಖಕರಿಗಿಂತ ಕಡಿಮೆಯೇನಿರಲಿಲ್ಲ ಅಂತ ನನ್ನ ಅಭಿಪ್ರಾಯ.

ದಿನದಿನಕ್ಕೆ ಕೆಮ್ಮಿನಾಕಿ ಚೇತರಿಸಿಕೊಂಡಳು. ಮುಖಕ್ಕೆ ಕಳೆ ಬಂತು, ಎದ್ದು ಓಡಾಡಿದಳು. ತೀರಿಹೋಗಿದ್ದ ಅವಳ ಕೂಸು ಮತ್ತೆ ಅಂಗಳದಲ್ಲಿ ಅಂಬೆಗಾಲಿಕ್ಕಿತು. “ನಿನ್ನಿ ಕೂಸು ಹರಿದಾಡಾಕತ್ತಿತ್ತು, ಇವತ್ತ ಹುಟ್ಟ್ಯದ!” ಅಂತ ಮಾನಮ್ಮ ಬಾಯಿ ಬಿಟ್ಟಳು. ಆದರೂ ಓಣಿಯಲ್ಲಿ ಸುದ್ದಿ ಹಬ್ಬಿ, ಕೇಳುವವರು ಐದರಿಂದ ಹದಿನೈದಾದರು. ಮುಂದೇನಾಗುತ್ತದೆ ಅಂತ ಬಂದವರಲ್ಲ ಅವರು. ಇನ್ನು ಎಷ್ಟು ಚೆಂದದ ದಿನಕ್ಕೆ ಇವಳು ಹೋಗುತ್ತಾಳೆ ಅಂತ ನೋಡಲು ಬಂದವರು. ಆ ಜ್ವರದಲ್ಲಿ ಯಾರನ್ನೂ ಕಳೆದುಕೊಳ್ಳದವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಅಂಬಮ್ಮತ್ತೆಗೆ ಮಾತ್ರ ಪ್ರತಿ ಸಂಜೆ ಹೆದರಿಕೆ. ಪುಸ್ತಕದ ಗುಟ್ಟು ಮಾವನಿಗೆ ತಿಳಿದರೆ ಓದು ಹೋಯಿತು. ಓದು ಹೋಗುವುದಕ್ಕಿಂತ ದೊಡ್ಡ ಭಯ ಇನ್ನೊಂದು. ಎರಡನೆಯ ಸಲವೂ ಸಾವನ್ನು ಮನೆಗೆ ತಂದಳು ಅನ್ನುತ್ತಾರೆ. ಆ ಮಾತು ಇನ್ನೊಮ್ಮೆ ಕೇಳಿದರೆ ತಾನು ಉಳಿಯುವುದಿಲ್ಲ ಅಂತ ಅವಳಿಗೆ ಅನಿಸಿತ್ತು. ದೇವೀಂದ್ರಪ್ಪನವರು ದಿನವೂ ಕಂದೀಲು ಹಿಡಿದು ಕೂತಿರುತ್ತಿದ್ದರು. ಮೊದಲು ದೂರ ಹಿಡಿಯುತ್ತಿದ್ದವರು ಬರಬರುತ್ತ ಪುಟಕ್ಕೆ ಹತ್ತಿರ ತಂದರು.

ಹದಿನೈದನೆಯ ಸಂಜೆ ಕೆಮ್ಮಿನಾಕಿ ಬಾವಿಯ ದಂಡೆಯ ಹುಡುಗಿಯಾಗಿ ನೀರು ಹೊಯ್ದಳು, ಹುಡುಗ ಕುಡಿಯುವುದನ್ನು ಮರೆತ, ಅವಳು ನಕ್ಕಳು. ಅಂಬಮ್ಮತ್ತೆ ಪುಸ್ತಕ ಮುಚ್ಚಿದಳು. ಯಾರೂ ಏಳಲಿಲ್ಲ.

“ನಿಮ್ಮತ್ತಿನ್ನ ನಾ ಮೊದಲು ನೋಡಿದ್ದು ಬಾವಿ ದಂಡಿಗಲ್ಲ,” ಅಂದರು ದೇವೀಂದ್ರಪ್ಪನವರು ಇದ್ದಕ್ಕಿದ್ದಂತೆ. “ನಮ್ಮ ತ್ವಾಟದಾಗ. ಹಣ್ಣು ಕದಿಯಾಕ ಬಂದಿದ್ಲು. ನಾ ಬಂದಿದ್ದು ನೋಡಿ ಇಡೀ ಹಣ್ಣು ಬಾಯಾಗ ತುರುಕಿಕೊಂಡ್ಲು. ಯಾರ ಮಗಳು ನೀ ಅಂತ ಕೇಳ್ತೀನಿ, ಬಾಯಿ ಬಿಡಾಕ ಬರವಲ್ದು. ಎರಡೂ ಗಲ್ಲ ಉಬ್ಬಿ ಕಣ್ಣಾಗ ನೀರು. ಶಂಕ್ರಮ್ಮ ಅಂತ ಹೆಸರು ಹೇಳಾಕ ಆಕಿಗಿ ಎಷ್ಟೊತ್ತು ಹಿಡೀತು!”

ನಾಲ್ಕು ವರ್ಷದ ಮೇಲೆ ಆ ಹೆಸರು ಆ ಪಡಸಾಲೆಯಲ್ಲಿ ಕೇಳಿತು. ಹೆಂಗಸರೆಲ್ಲ ನಕ್ಕರು, ನಗುತ್ತಲೇ ಅತ್ತರು. ದೇವೀಂದ್ರಪ್ಪನವರೂ ನಕ್ಕರು. ಭೀಮಶಾ ಹಿತ್ತಲಿಗೆ ಎದ್ದು ಹೋದ.

ಕಥೆ ಇಲ್ಲಿಗೆ ಮುಗಿದಿದ್ದರೆ ಅಂಬಮ್ಮತ್ತೆ ಜೀವನವಿಡೀ ಒಂದು ಗುಟ್ಟು ಹೊತ್ತುಕೊಂಡು ತಿರುಗುತ್ತಿದ್ದಳು. ಎಂಟು ದಿನಕ್ಕೆ ಬಂಡಿಯ ಮಾಪಣ್ಣ ಗೊನೆ ಹೇರಲು ಬಂದ. ಅವನ ಗಂಟಲು ಊರಿಗೇ ದೊಡ್ಡದು. ಅಂಗಳದಲ್ಲಿ ನಿಂತೇ ಕೂಗಿದ: “ಅಂಬಮ್ಮಕ್ಕಾ, ಇಮಾಮುದ್ದೀನ್ ಭಾಯಿ ಹೇಳಿ ಕಳಿಸ್ಯಾರ. ಆ ಹಸಿರು ಪುಸ್ತಕ ಹಿಂದುಮುಂದು ಹೊಲ್ದಾರಂತ. ಸುರುವಾತಿ ಆಖೇರಿಗಿ ಹೋಗ್ಯದಂತ. ಅದರ ಸಂಗಟ ಹೊಲ್ದ ಇನ್ನೊಂದು ಪುಸ್ತಕ ನೋಡಿ ವಾಚನಾಲಯದವರು ಬೈದಾರಂತ. ಕೊಟ್ಟು ಕಳಸ್ರಿ, ಬಿಚ್ಚಿ ಸರಿ ಮಾಡ್ತಾರಂತ. ಭಾಳ ನಾಚಿ ಶರಮಿಂದ ಆಗ್ಯಾರ ಪಾಪ.”

ದೇವೀಂದ್ರಪ್ಪನವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ಒಂದು ಗೊನೆಯ ದಿಂಡಿಗೆ ತಾರೀಖು ಬರೆಯುತ್ತಿದ್ದರು. ಮಾಪಣ್ಣ ಎತ್ತಿಗೆ ನೀರು ತೋರಿಸಲು ಹೋದ. ಅಂಬಮ್ಮತ್ತೆ ಪುಸ್ತಕ ತಂದು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಮಾವನ ಎದುರು ನೆಲದ ಮೇಲಿಟ್ಟಳು.

“ತಪ್ಪಾತ್ರೀ ಮಾವಾ. ಮೊದಲನೇ ದಿನಾನೇ ನನಗ ಗೊತ್ತಾಗಿತ್ತು. ಈ ಪುಸ್ತಕ ಸಾವಿನಾಗೇ ಮುಗೀತದ. ನಿಮಗ ಹೇಳಲಿಲ್ಲ. ಇವತ್ತಿಗೆ ಓದು ಬಂದ್ ಮಾಡ್ತೀನ್ರಿ.”

ಅವರು ಬರೆಯುವುದು ಮುಗಿಸಿ ಕಡ್ಡಿ ಕೆಳಗಿಟ್ಟರು. “ಕಂದೀಲು ಯಾರ ಕೈಯಾಗಿತ್ತು?” ಅಂದರು.

“ನಿಮ್ಮ ಕೈಯಾಗ್ರಿ.”

“ನನಗ ಅಕ್ಷರ ಬರೂದಿಲ್ಲ. ಅಂಕಿ ಬರ್ತಾವ. ಎರಡನೂರಾ ಇಪ್ಪತ್ತೈದರಿಂದ ಯಾವ ಪುಸ್ತಕರ ಸುರು ಆಗ್ತದೇನು ಯವ್ವಾ?”

ಅಂಬಮ್ಮತ್ತೆ ಪುಸ್ತಕದ ಮೊದಲ ಹಾಳೆ ತೆರೆದು ತಲೆಯ ಮೇಲಿನ ಅಂಕಿ ನೋಡಿದಳು. “ಮತ್ತ ಯಾಕ ಆರಿಸಲಿಲ್ರೀ?” ಅಂದಳು.

“ಆರಿಸಾಕ ಕೈ ಹೋಗಿತ್ತು. ಎರಡನೂರಾ ನಾಲ್ವತ್ತಕ್ಕ ಆಕಿ ಸತ್ಲು. ನೀ ಹಾಳಿ ತಿರುವಿದಿ, ಎರಡನೂರಾ ಒಂಬತ್ತು ಬಂತು. ಆಕಿ ಗಂಜಿ ಕುಡ್ಯಾಕತ್ತಿದ್ಲು. ಹಿಂದಕ್ಕ ಹೊಂಟದಲ್ಲ, ಹೋಗಲಿ ಅಂದೆ. ಒಂದರ ತನಕ ಹೋದ್ರ ಆಕಿ ಇರ್ತಾಳಲ್ಲ.”

ಪುಸ್ತಕವನ್ನು ಅವರು ಎತ್ತಿಕೊಂಡರು. ಸುಣ್ಣದ ಬೆರಳು ಹಸಿರು ಬಟ್ಟೆಯ ಮೇಲೆ ಬಿಳಿಯ ಗುರುತು ಬಿಟ್ಟಿತು. ಆಮೇಲೆ ಅವಳ ಮುಖ ನೋಡದೆ ಅಂದರು: “ಅವತ್ತ ನೀ ಮುಚ್ಚಿದ್ದಕ್ಕ ಆಕಿ ಹೋಗಲಿಲ್ಲ. ಮುಚ್ಚು ಅಂದಾಕಿ ಆಕೀನೇ. ನನಗೂ ಗೊತ್ತಿತ್ತು. ಯಾರ ಮ್ಯಾಲರ ಹಾಕಬೇಕಾಗಿತ್ತು, ನಿನ್ನ ಮ್ಯಾಲ ಹಾಕಿದೆ. ನನ್ನದು ತಪ್ಪಾತು ಯವ್ವಾ.”

ಈ ಮಾತನ್ನು ಅಂಬಮ್ಮತ್ತೆ ನನಗೆ ಹಲವು ಸಲ ಹೇಳಿದ್ದಾಳೆ. ಅವಳು ಆಗ ಅತ್ತಳೋ ಏನು ಮಾಡಿದಳೋ ನಾನು ಯಾವತ್ತೂ ಕೇಳಲಿಲ್ಲ.

ಮಾಪಣ್ಣ ಹೊರಟಾಗ ದೇವೀಂದ್ರಪ್ಪನವರು ಬಂಡಿಯ ಮೇಲೆ ಎಲ್ಲಕ್ಕಿಂತ ದೊಡ್ಡ ಗೊನೆಯನ್ನು ಬೇರೆಯಾಗಿ ಇರಿಸಿದರು. “ಇದು ಇಮಾಮುದ್ದೀನ್ ಸಾಬರಿಗಿ. ಪುಸ್ತಕ ಕೊಡೂದಿಲ್ಲ ಅಂತ ಹೇಳು. ವಾಚನಾಲಯದವರು ಬೇರೇದು ತರಿಸ್ಕೊಳ್ಳಲಿ, ಅದು ನಂದು. ಅದನ್ನ ಬಿಚ್ಚೂದು ಬ್ಯಾಡ.” ಆಮೇಲೆ ಇನ್ನೊಮ್ಮೆ ಕರೆದು, “ಹೊಲಿಗಿ ಛಲೋ ಅದ ಅಂತ ಹೇಳು,” ಅಂದರು.

ಆ ಸಂಜೆ ಅವರೇ ಕಂದೀಲಿನ ಗಾಜು ಒರೆಸಿ ಹಚ್ಚಿದರು. ಹೆಂಗಸರು ಇನ್ನೂ ಬಂದಿರಲಿಲ್ಲ. ಪುಸ್ತಕದ ಕೊನೆಯ ಕಟ್ಟನ್ನು ತಾವೇ ಹುಡುಕಿ, ಪುಟದ ತಲೆಯ ಮೇಲೆ ಬೆರಳಿಟ್ಟು ಸೊಸೆಗೆ ಕೊಟ್ಟರು. “ಇಲ್ಲಿಂದ ಓದು. ಒಂದರಿಂದ. ಹದಿನಾರಕ್ಕ ನಿಲ್ಲಿಸು.”

ಅಂಬಮ್ಮತ್ತೆ ಒಂದರಿಂದ ಓದಿದಳು. ಹದಿನಾರಕ್ಕೆ, ಹುಡುಗಿ ನಕ್ಕಲ್ಲಿ, ನಿಲ್ಲಿಸಿದಳು. ಅವತ್ತು ಆರತಿ ಎತ್ತಿದ್ದು ದೇವೀಂದ್ರಪ್ಪನವರು.